ಮಿಲಾನಿನ ಶ್ರಮಚಿಕಿತ್ಸಾಲಯ

ಉತ್ತರ ಇಟಲಿಯ ಮಿಲಾನ್ ನಗರದಲ್ಲಿ ಸಾನ್ ಬಾರ್ನಬಾ ಎಂಬ ಬೀದಿಯೊಂದುಂಟು. ಆ ಬೀದಿಯಲ್ಲಿ 1910ನೆಯ ಇಸವಿಯ ಮಾರ್ಚ್ 20ರಂದು ಬಾಗಿಲು ತೆರೆದ ಆಸ್ಪತ್ರೆಯೊಂದು, ಹೊರನೋಟಕ್ಕೆ ಆ ಕಾಲದ ಇತರ ಆಸ್ಪತ್ರೆಗಳಂತೆಯೇ ಮಂಚಗಳನ್ನೂ ಪ್ರಯೋಗಶಾಲೆಯನ್ನೂ ಗ್ರಂಥಭಂಡಾರವನ್ನೂ ಉಳ್ಳದ್ದಾಗಿದ್ದರೂ, ಉದ್ದೇಶದಲ್ಲಿ ಮಾತ್ರ ಅದುವರೆಗೆ ಲೋಕದಲ್ಲಿದ್ದ ಯಾವ ಆಸ್ಪತ್ರೆಯನ್ನೂ ಹೋಲುತ್ತಿರಲಿಲ್ಲ. ಮನುಷ್ಯನು ಹೊಟ್ಟೆಯ ಪಾಡಿಗಾಗಿ ಮಾಡುವ ಕೆಲಸವೇ ಅವನ ದೇಹಕ್ಕೆ ತಂದೊಡ್ಡುವ ವ್ಯಾಧಿಗಳನ್ನು ಅರಿಯುವುದಕ್ಕೂ, ಅರಿತುದನ್ನು ವೈದ್ಯರಿಗೆ ಬೋಧಿಸುವುದಕ್ಕೂ, ಸಾಧ್ಯವಾದರೆ ಆ ವ್ಯಾಧಿಗಳು ಹುಟ್ಟದಂತೆಯೇ ನೋಡಿಕೊಳ್ಳುವುದಕ್ಕೂ ಮೀಸಲಾಗಿ ಸ್ಥಾಪಿತವಾದ ಪ್ರಪಂಚದ ಪ್ರಥಮ ಸಂಸ್ಥೆ ಅದು. ‘ಕ್ಲಿನಿಕಾ ದೆಲ್ ಲವೊರೊ’ ಎಂದು ಅದಕ್ಕೆ ಹೆಸರು. ಈ ವಿಷಯದಲ್ಲಿ ವಿದ್ಯೆಯು ಅದಕ್ಕೂ ಇನ್ನೂರು ವರ್ಷ ಮೊದಲೇ ಹುಟ್ಟಿತ್ತು, ಗ್ರಂಥವೂ ರಚಿತವಾಗಿತ್ತು. ಆ ವಿದ್ಯೆಗೆ ನೆಲೆಯಾಗಿ ನಿಲ್ಲಲು ಒಂದು ಮನೆ ಮಾತ್ರ ಇರಲಿಲ್ಲ. ಮನೆಯಿಲ್ಲದ ವಿದ್ಯೆ ಎಷ್ಟು ಕಾಲ ಅಲೆಯಬಲ್ಲುದು, ಮನೆ ದೊರೆತ ಮೇಲೆ ಏನೇನನ್ನು ಸಾಧಿಸಬಲ್ಲುದು ಎಂಬುದಕ್ಕೆ ಈ ಸಂಸ್ಥೆಯ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

ಆ ವಿದ್ಯೆಯ ಮೂಲಪುರುಷ ಬೆರ್ನಾರ್ದಿನೊ ರಮಾತ್ಸಿನಿ. 1633ರಲ್ಲಿ ಕಾರ್ಪಿ ಎಂಬ ಪುಟ್ಟ ಊರಿನಲ್ಲಿ ಜನಿಸಿ, ಮೊದೆನಾ ನಗರದ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಆಚಾರ್ಯನಾಗಿದ್ದ ಈತನು, ಒಂದು ದಿನ ತನ್ನ ಮನೆಯ ಮಲಗುಂಡಿಯನ್ನು ಬಳಿಯಲು ಬಂದವನು ಉಸಿರು ಕಟ್ಟಿದಂತೆ ಅವಸರವಸರವಾಗಿ ದುಡಿಯುತ್ತಿದ್ದುದನ್ನು ಕಂಡು ಕನಿಕರದಿಂದ, ಇಷ್ಟೇಕೆ ಆತುರಪಡುತ್ತೀಯೆ, ನಿಧಾನವಾಗಿ ಮಾಡಬಾರದೆ ಎಂದು ಕೇಳಿದನಂತೆ. ಆ ಬಡವನು ಗುಂಡಿಯೊಳಗಿನಿಂದಲೇ ಕಣ್ಣೆತ್ತಿ ನೋಡಿ, ಈ ಜಾಗದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲುವುದೆಂದರೆ ಏನೆಂಬುದು ನಿಂತವರಿಗಲ್ಲದೆ ತಿಳಿಯದು, ಕಣ್ಣು ಹೋದಂತೆಯೇ ಸರಿ ಎಂದು ಉತ್ತರಕೊಟ್ಟನು. ಅವನು ಮೇಲೆ ಬಂದ ಬಳಿಕ ರಮಾತ್ಸಿನಿ ಅವನ ಕಣ್ಣುಗಳನ್ನು ಪರೀಕ್ಷಿಸಿ ನೋಡಿದರೆ ಅವು ಕೆಂಪೇರಿ ಮಂಜಾಗಿದ್ದುವು. ಇದಕ್ಕೆ ಏನು ಮದ್ದು ಮಾಡುತ್ತೀರಿ ಎಂದು ಕೇಳಲಾಗಿ, ಕೆಲಸ ಮುಗಿಸಿ ಮನೆಗೆ ಹೋಗಿ ಕತ್ತಲೆಯ ಕೋಣೆಯಲ್ಲಿ ಮಾರನೆಯ ದಿನದವರೆಗೆ ಬಾಗಿಲು ಹಾಕಿಕೊಂಡಿರುವುದು, ಬಿಸಿನೀರಿನಲ್ಲಿ ಕಣ್ಣು ತೊಳೆದುಕೊಳ್ಳುವುದು, ಅಷ್ಟೇ ಎಂದನು. ಅಂದಿನಿಂದ ಆಚಾರ್ಯನು ಊರಿನ ಕುರುಡ ಭಿಕ್ಷುಕರನ್ನು ಗಮನಿಸತೊಡಗಿದಾಗ, ಅವರಲ್ಲಿ ಅನೇಕರು ಇದೇ ವೃತ್ತಿಯಲ್ಲಿ ದೃಷ್ಟಿ ಕಳೆದುಕೊಂಡವರೆಂಬುದು ತಿಳಿದುಬಂತು.

ಈ ಒಂದು ಸಂಭಾಷಣೆಯಿಂದ ಪ್ರೇರಿತನಾಗಿ ರಮಾತ್ಸಿನಿಯು ಕುಂಬಾರರ, ಕಂಚುಗಾರರ, ಕನ್ನಡಿ ಮಾಡುವವರ, ಗಾಣದವರ, ಅಗಸಗಿತ್ತಿಯರ, ಸೂಲಗಿತ್ತಿಯರ, ಕೊನೆಗೆ ಕುಳಿತಲ್ಲೇ ಕುಳಿತು ಓದುವ ಪಂಡಿತರ ರೋಗಗಳವರೆಗೆ ವಿಚಾರಿಸಿ, ದುರ್ಗಂಧವುಳ್ಳ ಅಂಗಡಿಗಳಿಗೂ ಕಗ್ಗತ್ತಲೆಯ ನೆಲಮಾಳಿಗೆಗಳಿಗೂ ತಾನೇ ಹೋಗಿ ನೋಡಿ, ವೃತ್ತಿಗಳಿಂದ ಬರುವ ವ್ಯಾಧಿಗಳನ್ನು ಕುರಿತು 1700ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. 1713ರಲ್ಲಿ ಅದನ್ನು ವಿಸ್ತರಿಸಿದನು. ಮಾರನೆಯ ವರ್ಷ ಪಾದುವಾ ನಗರದಲ್ಲಿ ತೀರಿಕೊಂಡನು. ರೋಗಿಯನ್ನು ಕೇಳಬೇಕೆಂದು ಹಿಪ್ಪೊಕ್ರಾತಿಸನ ಕಾಲದಿಂದ ಹೇಳಿಕೊಂಡು ಬಂದಿದ್ದ ಪ್ರಶ್ನೆಗಳ ಸಾಲಿಗೆ, ನಿನ್ನ ಕೆಲಸವೇನು ಎಂಬ ಪ್ರಶ್ನೆಯನ್ನು ಸೇರಿಸಿದವನು ಇವನೇ. ಗ್ರಂಥಕ್ಕೆ ಕೀರ್ತಿ ಬಂತು, ಅನ್ಯಭಾಷೆಗಳಿಗೆ ಅನುವಾದಗಳಾದವು. ಆದರೆ ಆ ಪ್ರಶ್ನೆಯನ್ನು ಪ್ರತಿದಿನ ಪ್ರತಿಯೊಬ್ಬ ರೋಗಿಗೂ ಕೇಳಿ, ಉತ್ತರವನ್ನು ಬರೆದಿಟ್ಟು, ಇಂದಿನ ಉತ್ತರವನ್ನು ಹತ್ತು ವರ್ಷದ ಹಿಂದಿನ ಉತ್ತರದೊಡನೆ ತೂಗಿನೋಡುವ ಸ್ಥಾನವೊಂದು ಎಲ್ಲಿಯೂ ಏರ್ಪಡಲಿಲ್ಲ. ಅಲ್ಲಿ ಇಲ್ಲಿ ಒಬ್ಬೊಬ್ಬ ವೈದ್ಯನು ತನ್ನ ಸ್ವಂತ ಕುತೂಹಲದಿಂದ ಈ ಮಾರ್ಗದಲ್ಲಿ ನಡೆದು, ತಾನು ಕಂಡುದನ್ನು ಬರೆದು, ತೀರಿಕೊಂಡನು. ಅವನ ಹಿಂದೆ ಬಂದವನು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಅಷ್ಟರಲ್ಲಿ ಲೋಕದ ಕೆಲಸದ ಸ್ವರೂಪವೇ ಬದಲಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಿಲಾನ್ ನಗರವು ಹತ್ತಿಯ ಮತ್ತು ರೇಷ್ಮೆಯ ಗಿರಣಿಗಳಿಂದಲೂ, ರೈಲ್ವೆ ಎಂಜಿನ್ನುಗಳ ಕಾರ್ಖಾನೆಗಳಿಂದಲೂ, 1872ರಲ್ಲಿ ಆರಂಭವಾದ ಪಿರೆಲ್ಲಿಯ ರಬ್ಬರ್ ಕಾರ್ಖಾನೆಯಿಂದಲೂ, ಅಸಂಖ್ಯ ಅಚ್ಚುಕೂಟಗಳಿಂದಲೂ ತುಂಬಿಹೋಗಿತ್ತು. ಸುತ್ತಣ ಹಳ್ಳಿಗಳಿಂದ ಕೂಲಿಯನ್ನು ಅರಸಿ ಬಂದ ರೈತರು ಅಲ್ಲಿ ಕಾರ್ಮಿಕರಾದರು. 1898ರ ಮೇ ತಿಂಗಳಲ್ಲಿ ರೊಟ್ಟಿಯ ಬೆಲೆಯೇರಿದಾಗ ಬೀದಿಗಿಳಿದ ಆ ಜನರ ಮೇಲೆ ಸೈನ್ಯವು ಫಿರಂಗಿಗಳನ್ನು ಹಾರಿಸಿತು; ಸರ್ಕಾರದ ಲೆಕ್ಕದಲ್ಲಿಯೇ ಸತ್ತವರು ಸುಮಾರು ಎಂಬತ್ತು ಮಂದಿ. ಆ ದುರಂತದ ಬಳಿಕ ನಗರದ ವಿಚಾರವಂತರ ಮನಸ್ಸು ಕಾರ್ಮಿಕರ ಸ್ಥಿತಿಯ ಕಡೆಗೆ ತಿರುಗಿತೆಂದರೆ ಅದು ಸಹಜವೇ. ಅದೇ ವರ್ಷ ಇಟಲಿಯಲ್ಲಿ ಕೈಗಾರಿಕೆಯ ಅಪಘಾತಗಳಿಗೆ ಕಡ್ಡಾಯ ವಿಮೆಯ ಕಾನೂನು ಜಾರಿಗೆ ಬಂದಿತ್ತು. ಆದರೆ ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾದರೆ ಅದು ಎಲ್ಲರ ಕಣ್ಣಿಗೂ ಕಾಣುವ ಹಾನಿ. ಹತ್ತು ವರ್ಷ ಸೀಸದ ಧೂಳನ್ನು ಉಸಿರಾಡಿ ಮಣಿಕಟ್ಟು ಸೋತು ಕೈ ಜೋತುಬಿದ್ದರೆ, ಅದನ್ನು ಆ ಕೆಲಸದ ಫಲವೆಂದು ಪ್ರಮಾಣಪೂರ್ವಕವಾಗಿ ಹೇಳುವವರು ಯಾರು? ಆ ಹಾನಿಗೆ ಕಾನೂನಿನಲ್ಲಿ ಆಗ ಸ್ಥಳವೇ ಇರಲಿಲ್ಲ.

ಹೇಳುವವರಿದ್ದರೆ ಏನಾದೀತೆಂಬುದಕ್ಕೆ ಆಲ್ಪ್ಸ್ ಪರ್ವತದ ಎರಡು ಸುರಂಗಗಳು ಸಾಕ್ಷಿಯಾಗಿವೆ. 1872ರಿಂದ 1882ರವರೆಗೆ ಕೊರೆಯಲಾದ ಸುಮಾರು ಹದಿನೈದು ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ಸುರಂಗದಲ್ಲಿ, ಬಹುಪಾಲು ಇಟಲಿಯವರೇ ಆದ ಕೂಲಿಗಳು ಕಾದ ಬಂಡೆಯ ಸೆಕೆಯಲ್ಲಿ, ಕೆಸರಿನಲ್ಲಿ, ಶೌಚಕ್ಕೂ ಬೇರೆ ಏರ್ಪಾಡಿಲ್ಲದೆ ದುಡಿಯುತ್ತಿದ್ದರು. ಅವರು ಬಿಳಿಚಿಕೊಂಡು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವಂತಾಗಿ, ಕಡೆಗೆ ಮಂಚ ಹಿಡಿಯುತ್ತಿದ್ದರು. 1880ರಲ್ಲಿ ತೂರಿನ್ ನಗರದ ವಿದ್ವಾಂಸ ಎದುವಾರ್ದೊ ಪೆರೊಂಚಿತೊ ಮೊದಲಾದವರು, ಈ ರಕ್ತಹೀನತೆಗೆ ಕರುಳಿನಲ್ಲಿ ಕಚ್ಚಿ ಕುಳಿತ ಕೊಕ್ಕೆಹುಳುವೇ ಕಾರಣವೆಂದು ತೋರಿಸಿದರು. ಸುರಂಗದ ಕೆಸರೇ ಆ ಹುಳುವಿನ ತೊಟ್ಟಿಲಾಗಿತ್ತು. ಮುಂದೆ 1898ರಲ್ಲಿ ಸಿಂಪ್ಲೊನ್ ಸುರಂಗದ ಕೆಲಸ ಆರಂಭವಾದಾಗ, ಅದು ಗೊಟ್ಟಾರ್ಡಿಗಿಂತ ಉದ್ದವೂ ಬಿಸಿಯೂ ಆಗಿದ್ದರೂ, ಸುರಂಗದ ಬಾಯಿಯಲ್ಲಿ ಬಿಸಿನೀರಿನ ಸ್ನಾನಗೃಹಗಳನ್ನು ಕಟ್ಟಿ, ಒದ್ದೆ ಬಟ್ಟೆಗಳನ್ನು ಒಣಗಿಸಿಕೊಡುವ ಏರ್ಪಾಡು ಮಾಡಿ, ಮಲವಿಸರ್ಜನೆಗೆ ಪಾತ್ರೆಗಳನ್ನಿಟ್ಟು ಹೊರಗೆ ಸಾಗಿಸಿ, ಜೋಡಿ ಸುರಂಗದ ಮೂಲಕ ಗಾಳಿಯಾಡಿಸಿದುದರಿಂದ ಆ ಪಿಡುಗು ಮರುಕಳಿಸಲಿಲ್ಲ. ಗೊಟ್ಟಾರ್ಡಿನಲ್ಲಿ ಕೂಲಿಗಳ ಜೀವ ಹೀರಿದುದಕ್ಕೆ ಸಿಂಪ್ಲೊನಿನಲ್ಲಿ ಬೇಕಾದುದು ಒಂದಿಷ್ಟು ಬಿಸಿನೀರು, ಒಣ ಬಟ್ಟೆ, ಬಕೆಟ್ಟುಗಳು. ಇಷ್ಟನ್ನು ಮಾಡಿಸುವ ಮೊದಲು, ಇಷ್ಟೇ ಸಾಕೆಂದು ಯಾರಾದರೂ ಕಂಡುಹಿಡಿಯಬೇಕಾಗಿತ್ತು.

ಇದೇ ವಾತಾವರಣದಲ್ಲಿ ಬೆಳೆದವರು ಲುಯಿಜಿ ದೆವೊತೊ. 1864ರಲ್ಲಿ ಜಿನೋವಾ ಪ್ರಾಂತದ ಬೆಟ್ಟದೂರೊಂದರಲ್ಲಿ ಜನಿಸಿ, ಜಿನೋವಾದಲ್ಲಿಯೇ ವೈದ್ಯವಿದ್ಯೆಯನ್ನು ಕಲಿತು, ಪಾವಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಇವರ ಮುಂದೆ, ಲೊಂಬಾರ್ಡಿಯ ಹಳ್ಳಿಗಳಿಂದ ಪೆಲಗ್ರಾ ರೋಗದವರು ಸಾಲುಗಟ್ಟಿ ಬರುತ್ತಿದ್ದರು. ಕೈಯ ಚರ್ಮ ಸುಲಿದು ಕಪ್ಪಾಗಿ, ಹೊಟ್ಟೆ ಕೆಟ್ಟು, ಕೊನೆಗೆ ಬುದ್ಧಿಯೂ ಕದಡಿಹೋಗುವ ಈ ವ್ಯಾಧಿಯು, ಮೂರು ಹೊತ್ತೂ ಮುಸುಕಿನ ಜೋಳದ ಹಿಟ್ಟಿನ ಅಂಬಲಿಯನ್ನೇ ಉಂಡು ಬದುಕುವ ಬಡ ರೈತರನ್ನು ಮಾತ್ರ ಹುಡುಕಿಕೊಂಡು ಬರುತ್ತಿತ್ತು. ಜಮೀನಿನ ಯಜಮಾನನ ಮನೆಯ ಹೊಸ್ತಿಲನ್ನು ಅದು ದಾಟುತ್ತಿರಲಿಲ್ಲ. ಒಬ್ಬನನ್ನು ಗುಣಪಡಿಸಿ ಕಳುಹಿದರೆ ಅವನು ಹಿಂದಿರುಗುವುದು ಅದೇ ಹೊಲಕ್ಕೆ, ಅದೇ ಅಂಬಲಿಗೆ; ಆದುದರಿಂದ ಮತ್ತೆ ಅದೇ ಆಸ್ಪತ್ರೆಗೆ. ಕಾಯಿಲೆ ಬಿದ್ದಿರುವುದು ಕೆಲಸವೇ, ಕೆಲಸಕ್ಕೇ ಚಿಕಿತ್ಸೆಯಾಗಬೇಕು ಎಂಬರ್ಥದ ಮಾತೊಂದು ದೆವೊತೊ ಅವರ ಹೆಸರಿನೊಡನೆ ನಡೆದುಬಂದಿದೆ. ಅದು ಚಮತ್ಕಾರದ ಮಾತಲ್ಲ, ಹೊರರೋಗಿಗಳ ಸಾಲಿನ ಮುಂದೆ ನಿಂತು ದಣಿದವರ ಮಾತು. 1901ರಲ್ಲಿ ಅವರು ‘ಇಲ್ ಲವೊರೊ’ ಎಂಬ ಪತ್ರಿಕೆಯನ್ನು ಹೊರಡಿಸಿ, ವೃತ್ತಿರೋಗಗಳನ್ನು ಕುರಿತ ಬರಹಗಳಿಗೆ ಅದನ್ನು ಮೀಸಲಿಟ್ಟರು. ಮುಂದೆ ‘ಲಾ ಮೆದಿಚಿನಾ ದೆಲ್ ಲವೊರೊ’ ಎಂದು ಹೆಸರಾದ ಆ ಪತ್ರಿಕೆ ಇಂದಿಗೂ ನಡೆಯುತ್ತಿದೆ.

ಪತ್ರಿಕೆಯೊಂದರಿಂದಲೇ ತೃಪ್ತರಾಗುವವರು ಅವರಲ್ಲ. 1902ರಲ್ಲಿ ಮಿಲಾನಿನ ನಗರಸಭೆಯ ಮುಂದೆ, ವೃತ್ತಿರೋಗಗಳಿಗೆಂದೇ ಒಂದು ಚಿಕಿತ್ಸಾಲಯ ಬೇಕೆಂಬ ಯೋಜನೆಯನ್ನು ಇಟ್ಟರು. ಮಿಲಾನಿಗೆ ಆಗ ತನ್ನದೇ ಆದ ವಿಶ್ವವಿದ್ಯಾಲಯವಿರಲಿಲ್ಲ. ಹತ್ತಿರದ ಪಾವಿಯಾ ನಗರವೇ ಆ ಸೀಮೆಗೆಲ್ಲ ಪ್ರಾಚೀನ ವಿದ್ಯಾಪೀಠ. ಆದರೆ ಲುಯಿಜಿ ಮಾಂಜಿಯಗಲ್ಲಿ ಎಂಬ ಪ್ರಸೂತಿತಜ್ಞರು, ಪದವಿ ಪಡೆದ ವೈದ್ಯರು ರೋಗಿಗಳ ನಡುವೆ ಉನ್ನತ ಶಿಕ್ಷಣ ಪಡೆಯುವಂಥ ಸಂಸ್ಥೆಗಳ ಸಮುದಾಯವೊಂದನ್ನು ಮಿಲಾನಿನಲ್ಲಿ ಕಟ್ಟುತ್ತಿದ್ದರು. ದೆವೊತೊ ಅವರ ಕನಸಿಗೆ ಆ ಸಮುದಾಯದಲ್ಲಿ ಸ್ಥಾನ ದೊರೆಯಿತು. ಯೋಜನೆಗೂ ಉದ್ಘಾಟನೆಗೂ ನಡುವೆ ಎಂಟು ವರ್ಷಗಳು ಕಳೆದುವು. ಹಣ, ನಿವೇಶನ, ಸಭೆಗಳ ಒಪ್ಪಿಗೆ ಇವುಗಳ ಕಥೆ ಎಲ್ಲ ದೇಶಗಳಲ್ಲಿಯೂ ಒಂದೇ ಆದುದರಿಂದ ಅದನ್ನು ಬೆಳೆಸುವುದಿಲ್ಲ.

ಈ ನಡುವೆ ಬಂದ 1906ನೆಯ ವರ್ಷವು ಅವರಿಗೆ ಅನುಕೂಲವಾಯಿತು. ಸಿಂಪ್ಲೊನ್ ಸುರಂಗ ಮುಗಿದ ಸಂಭ್ರಮಕ್ಕಾಗಿ ಮಿಲಾನಿನಲ್ಲಿ ಅಂತರರಾಷ್ಟ್ರೀಯ ಮಹಾಪ್ರದರ್ಶನವೊಂದು ಏರ್ಪಟ್ಟಿತು. ಸುರಂಗವನ್ನು ಕೊಂಡಾಡುವ ಆ ಉತ್ಸವದಲ್ಲಿ, ಸುರಂಗವನ್ನು ಕೊರೆದವರ ದೇಹಗಳ ಮಾತನ್ನೂ ಎತ್ತಬೇಕೆಂದು ಕೆಲವರು ಬಗೆದುದು ಆ ನಗರದ ಹಿರಿಮೆಯೆಂದೇ ಹೇಳಬೇಕು. ಆ ಜೂನ್ ತಿಂಗಳಲ್ಲಿ ವೃತ್ತಿರೋಗಗಳನ್ನು ಕುರಿತ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನವು ಅಲ್ಲಿ ಸೇರಿತು. ಅಲ್ಲಿ ಹುಟ್ಟಿದ ಶಾಶ್ವತ ಆಯೋಗವೇ ಇಂದು ವೃತ್ತಿ ಆರೋಗ್ಯದ ಅಂತರರಾಷ್ಟ್ರೀಯ ಆಯೋಗವೆಂದು ಕರೆಯಿಸಿಕೊಳ್ಳುತ್ತಿರುವುದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ದವಡೆಯ ಮೂಳೆಯನ್ನು ಕೊಳೆಯಿಸುವ ಬಿಳಿಯ ರಂಜಕವನ್ನು ಬೆಂಕಿಕಡ್ಡಿಯ ತಯಾರಿಕೆಯಿಂದ ಬಹಿಷ್ಕರಿಸುವ ಒಪ್ಪಂದವು ಬರ್ನ್ ನಗರದಲ್ಲಿ ಆಯಿತು. ದೆವೊತೊ ಅವರ ಯೋಜನೆಯನ್ನು ಒಬ್ಬ ವೈದ್ಯನ ಹಂಬಲವೆಂದು ತಳ್ಳಿಹಾಕುವುದು ಆ ಬಳಿಕ ಸಾಧ್ಯವಾಗಲಿಲ್ಲ.

ಕಟ್ಟಡ ಎದ್ದುನಿಂತಾಗ ಅದಕ್ಕೆ ವಿಧಿಸಲಾದ ಕರ್ತವ್ಯಗಳು ಇವು: ವೃತ್ತಿಯಿಂದ ಬರುವ ರೋಗಗಳ ಕಾರಣಗಳನ್ನು ಶಾಸ್ತ್ರೀಯವಾಗಿ ಶೋಧಿಸುವುದು, ಅವುಗಳನ್ನು ಗುರುತಿಸುವ ವಿದ್ಯೆಯನ್ನು ವೈದ್ಯರಲ್ಲಿ ಹರಡುವುದು, ರೋಗದ ಶಂಕೆಯುಳ್ಳ ಅಥವಾ ಅದರ ಆರಂಭದಶೆಯಲ್ಲಿರುವ ಕಾರ್ಮಿಕರನ್ನು ಒಳಗೆ ಸೇರಿಸಿಕೊಂಡು ಪರೀಕ್ಷಿಸುವುದು, ಅಪಾಯಕರವಾದ ಕಸಬುಗಳಲ್ಲಿರುವವರ ಆರೋಗ್ಯವನ್ನು ಕಾಲಕಾಲಕ್ಕೆ ನೋಡುತ್ತಿರುವುದು. ಇವುಗಳಲ್ಲಿ ನನಗೆ ಅತ್ಯಂತ ಮಹತ್ತ್ವದ್ದಾಗಿ ತೋರುವುದು ಶಂಕೆಯುಳ್ಳವನನ್ನು ಒಳಗೆ ಸೇರಿಸಿಕೊಳ್ಳಬೇಕೆಂಬ ನಿಯಮ. ಕೈಲಾಗದೆ ಬಿದ್ದವನಿಗೆ ಬಾಗಿಲು ತೆರೆಯುವ ಆಸ್ಪತ್ರೆಗಳು ಆಗಲೂ ಇದ್ದುವು. ಇನ್ನೂ ಎದ್ದು ಓಡಾಡುತ್ತಿರುವವನನ್ನು, ನಿನ್ನಲ್ಲಿ ರೋಗವು ಬೇರೂರುತ್ತಿದೆಯೋ ನೋಡೋಣ ಬಾ ಎಂದು ಕರೆದು ಮಂಚ ಕೊಡುವುದು ಹೊಸತು.

ಇದು ನಡೆಯುತ್ತಿದ್ದ ಬಗೆಯನ್ನು ಅಚ್ಚುಕೂಟದ ಕೆಲಸಗಾರನೊಬ್ಬನ ಮೂಲಕ ನೋಡಬಹುದು. ಏಕೆಂದರೆ ಮೊದಲ ವರ್ಷಗಳಲ್ಲಿ ಅಲ್ಲಿಗೆ ಬಂದವರಲ್ಲಿ ಸೀಸದ ವಿಷವೇರಿದವರು ಬಹಳ. ಮೊಳೆ ಜೋಡಿಸುವವನು ದಿನವಿಡೀ ಖಾನೆಗಳ ಮುಂದೆ ನಿಂತು, ಎಡಗೈಯ ಪಟ್ಟಿಯಲ್ಲಿ ಒಂದೊಂದೇ ಸೀಸದ ಮೊಳೆಯನ್ನು ಬಲಗೈಯಿಂದ ಆಯ್ದು ಕೂರಿಸುತ್ತಾನೆ. ಅದೇ ಬೆರಳಿನಿಂದ ರೊಟ್ಟಿಯನ್ನು ಮುರಿದು ತಿನ್ನುತ್ತಾನೆ. ಖಾನೆಗಳ ತಳದಲ್ಲಿ ಕೂರುವ ಬೂದುಬಣ್ಣದ ಧೂಳನ್ನು ಊದಿದಾಗ ಅದು ಅವನ ಮುಖಕ್ಕೇ ಹಾರುತ್ತದೆ. ಕೆಲವು ವರ್ಷಗಳಲ್ಲಿ ಅವನಿಗೆ ಮಲಬದ್ಧತೆ, ಹೊಟ್ಟೆನುಲಿ, ಮುಖ ಬಿಳಿಚುವುದು, ವಸಡಿನ ಅಂಚಿನಲ್ಲಿ ನೀಲಿಗಪ್ಪಾದ ಸಣ್ಣ ಗೆರೆ; ಇನ್ನೂ ಮುಂದುವರಿದರೆ ಕೈ ಎತ್ತಿದಾಗ ಅಂಗೈ ಕೆಳಗೆ ಜೋತುಬೀಳುವುದು. ಸಾಮಾನ್ಯ ವೈದ್ಯನು ಹೊಟ್ಟೆನೋವಿಗೆ ಭೇದಿಯ ಮದ್ದು ಕೊಟ್ಟು ಕಳುಹಿಸುತ್ತಿದ್ದನು. ಇಲ್ಲಿನವರು ಅವನ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಂಪು ಕಣಗಳೊಳಗೆ ನೀಲಿಯ ಚುಕ್ಕೆಗಳು ಕಾಣುತ್ತಿದ್ದುವು. ಕೈ ಸೋಲುವುದಕ್ಕೆ ಎಷ್ಟೋ ಮೊದಲೇ ರಕ್ತವು ಸಾಕ್ಷಿ ನುಡಿಯುತ್ತಿತ್ತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಆರಂಭವಾದಂದಿನಿಂದ ಕನ್ನಡದ ಪುಸ್ತಕಗಳನ್ನು ತಲೆಮಾರುಗಳ ಕಾಲ ನಮಗೆ ಜೋಡಿಸಿಕೊಟ್ಟವರ ಬೆರಳುಗಳೂ ಇದೇ ಸೀಸವನ್ನು ಮುಟ್ಟಿದುವು. ಆ ಪುಸ್ತಕಗಳನ್ನು ಓದಿ ಬೆಳೆದ ನಾವು ಆ ಬೆರಳುಗಳನ್ನು ಕುರಿತು ಎಷ್ಟು ಕಡಿಮೆ ಬರೆದಿದ್ದೇವೆಂಬುದು ಖೇದದ ಸಂಗತಿ.

ಸಂಸ್ಥೆ ಹುಟ್ಟಿದೊಡನೆ ಕಾನೂನು ಬದಲಾಯಿತೆಂದು ಭಾವಿಸಬಾರದು. ವೃತ್ತಿರೋಗಗಳಿಗೆ ವಿಮೆಯನ್ನು ವಿಧಿಸುವ ಶಾಸನವು ಇಟಲಿಯಲ್ಲಿ ಆದದ್ದು 1929ರಲ್ಲಿ, ಜಾರಿಗೆ ಬಂದದ್ದು 1934ರಲ್ಲಿ. ಅದರಲ್ಲಿಯೂ ಸೀಸ, ಪಾದರಸ, ರಂಜಕ, ಬೆನ್ಸೀನ್, ಕೊಕ್ಕೆಹುಳು ಮುಂತಾದ ಕೆಲವಕ್ಕೆ ಮಾತ್ರ ಸ್ಥಾನ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗವು ಆ ಪಟ್ಟಿಗೆ ಸೇರಲು 1943ರವರೆಗೆ ಕಾಯಬೇಕಾಯಿತು. ಮೂವತ್ತು ವರ್ಷಗಳ ಈ ವಿಲಂಬವನ್ನು ಕಂಡು ಸಂಸ್ಥೆಯನ್ನು ನಿಷ್ಫಲವೆನ್ನುವವರು ಇದ್ದಾರು. ನನಗೆ ಹಾಗೆ ತೋರುವುದಿಲ್ಲ. ಕಾನೂನು ಕಡೆಗೊಮ್ಮೆ ಕಣ್ಣು ತೆರೆದಾಗ ಅದರ ಮುಂದೆ ಇಡಲು ಸಾಕ್ಷ್ಯವಿತ್ತು. ಸಾಕ್ಷ್ಯವನ್ನು ನುಡಿಯಬಲ್ಲ ವೈದ್ಯರ ಒಂದು ಪೀಳಿಗೆಯೇ ಇತ್ತು. ದೆವೊತೊ ಅವರ ಕೈಕೆಳಗೆ ದುಡಿದ ಲುಯಿಜಿ ಕರೊತ್ಸಿ, ಮೊದಲನೆಯ ಮಹಾಯುದ್ಧದ ಬಳಿಕ ಜಿನೀವಾದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಕೈಗಾರಿಕಾ ಆರೋಗ್ಯ ವಿಭಾಗದ ಮುಖ್ಯಸ್ಥರಾದರು. ಸಿಲಿಕೋಸಿಸ್ ಕುರಿತು 1930ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವನ್ನು ಕರೆದದ್ದು ಆ ಸಂಸ್ಥೆಯೇ. ಮಿಲಾನಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1924ರಲ್ಲಿ. ಮಾಂಜಿಯಗಲ್ಲಿ ಅದರ ಪ್ರಥಮ ಕುಲಪತಿಗಳಾದರು. ಶ್ರಮಚಿಕಿತ್ಸಾಲಯವು ಆ ವಿದ್ಯಾಲಯದ ಪೀಠವೊಂದರ ನೆಲೆಯಾಯಿತು. ದೆವೊತೊ 1936ರಲ್ಲಿ ತೀರಿಕೊಂಡರು.

1942ರಿಂದ ಮೂರು ದಶಕಗಳಿಗೂ ಮೀರಿ ಶ್ರಮಚಿಕಿತ್ಸಾಲಯವನ್ನು ನಡೆಸಿದವರು ಎನ್ರಿಕೊ ವಿಗ್ಲಿಯಾನಿ. ಇವರ ಕಾಲದ ಕೆಲಸಗಳಲ್ಲಿ ಬೆನ್ಸೀನಿನ ವಿಚಾರವೊಂದನ್ನೇ ಹೇಳುತ್ತೇನೆ. ಸಚಿತ್ರ ಪತ್ರಿಕೆಗಳನ್ನು ಮುದ್ರಿಸುವ ರೋಟೊಗ್ರಾವೂರ್ ಯಂತ್ರಗಳ ಶಾಯಿ ಕ್ಷಣಾರ್ಧದಲ್ಲಿ ಒಣಗಲೆಂದೂ, ಪಾದರಕ್ಷೆಗಳ ಅಟ್ಟೆಯನ್ನು ಅಂಟಿಸುವ ಗೋಂದು ತೆಳುವಾಗಿ ಹರಡಲೆಂದೂ ಆ ಸೀಮೆಯಲ್ಲಿ ಬೆನ್ಸೀನನ್ನು ಧಾರಾಳವಾಗಿ ಬಳಸುತ್ತಿದ್ದರು. ಗೋಂದಿನ ಡಬ್ಬಿಯ ಮೇಲೆ ಬಗ್ಗಿ ದುಡಿಯುವವರಲ್ಲಿ ಒಬ್ಬೊಬ್ಬರಾಗಿ ರಕ್ತ ಕ್ಷೀಣಿಸತೊಡಗಿತು. ಕೆಲವರಲ್ಲಿ ಅದು ರಕ್ತದ ಅರ್ಬುದಕ್ಕೆ ತಿರುಗಿತು. ಒಬ್ಬ ವೈದ್ಯನು ತನ್ನ ಜೀವಮಾನದಲ್ಲಿ ಇಂಥ ಒಂದೋ ಎರಡೋ ರೋಗಿಗಳನ್ನು ಕಂಡು ದೈವವನ್ನು ನಿಂದಿಸಿ ಸುಮ್ಮನಾಗಬಹುದಾಗಿತ್ತು. ಎಲ್ಲರೂ ಒಂದೇ ಬಾಗಿಲಿಗೆ ಬಂದು, ಎಲ್ಲರ ವೃತ್ತಿಯೂ ದಾಖಲೆಯಾಗುತ್ತಿದ್ದ ಸ್ಥಳದಲ್ಲಿ ಮಾತ್ರ ಬಿಡಿಬಿಡಿಯಾದ ಸಾವುಗಳು ಒಂದು ಸಾಲಾಗಿ ಕಾಣಿಸಿದುವು. 1963ರಲ್ಲಿ ಇಟಲಿಯು ಕಾರ್ಖಾನೆಗಳ ದ್ರಾವಕಗಳಲ್ಲಿ ಬೆನ್ಸೀನಿಗೆ ಕಟ್ಟುನಿಟ್ಟಾದ ಮಿತಿಯನ್ನು ವಿಧಿಸಿತು; ಮಾರನೆಯ ವರ್ಷ ವಿಗ್ಲಿಯಾನಿ ಮತ್ತು ಅವರ ಸಹೋದ್ಯೋಗಿ ಸಾಯಿತಾ ಇಬ್ಬರೂ ಬೆನ್ಸೀನಿಗೂ ರಕ್ತದ ಅರ್ಬುದಕ್ಕೂ ಇರುವ ಸಂಬಂಧವನ್ನು ಕುರಿತ ತಮ್ಮ ಲೇಖನವನ್ನು ಅಮೆರಿಕದ ಪ್ರಖ್ಯಾತ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು.

1976ರ ಜುಲೈ 10ರಂದು, ಮಿಲಾನಿನ ಉತ್ತರಕ್ಕಿರುವ ಮೇದಾ ಊರಿನ ರಾಸಾಯನಿಕ ಕಾರ್ಖಾನೆಯೊಂದರಿಂದ ಡಯಾಕ್ಸಿನ್ ವಿಷ ಬೆರೆತ ಮೋಡವೆದ್ದು ಪಕ್ಕದ ಸೆವೆಸೊ ಊರಿನ ಮೇಲೆ ಇಳಿಯಿತು. ಏಳುನೂರಕ್ಕೂ ಹೆಚ್ಚು ಮಂದಿ ಮನೆಮಠ ಬಿಟ್ಟು ಹೋಗಬೇಕಾಯಿತು; ಮಕ್ಕಳ ಮುಖದ ಮೇಲೆ ಗುಳ್ಳೆಗಳೆದ್ದುವು. ಈ ವಿಷವು ಮನುಷ್ಯನಿಗೆ ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಏನು ಮಾಡೀತೆಂಬುದನ್ನು ಆಗ ಹೇಳಬಲ್ಲವರು ಯಾರೂ ಇರಲಿಲ್ಲ. ಹೇಳಬೇಕಾದರೆ ಅಷ್ಟು ವರ್ಷ ಆ ಜನರನ್ನು ಬಿಡದೆ ಗಮನಿಸುತ್ತಿರಬೇಕು. ಹಾಗೆ ಗಮನಿಸುವ ಹೊರೆಯನ್ನು ಹೊತ್ತವರಲ್ಲಿ ಸಾನ್ ಬಾರ್ನಬಾ ಬೀದಿಯ ಸಂಶೋಧಕರು ಪ್ರಮುಖರು. ಅಪಘಾತದ ಸುದ್ದಿ ವೃತ್ತಪತ್ರಿಕೆಗಳಿಂದ ಮಾಯವಾಗಿ ಎಷ್ಟೋ ಕಾಲದ ಮೇಲೆಯೂ ಅವರ ಲೇಖನಗಳು ಹೊರಬರುತ್ತಲೇ ಇದ್ದುವು. ವ್ಯಕ್ತಿಯ ಆಯುಸ್ಸಿಗೆ ಮೀರಿದ ಇಂಥ ತಾಳ್ಮೆ ವಿದ್ಯಾಪೀಠಕ್ಕೆ ಮಾತ್ರ ಸಾಧ್ಯ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ತುರ್ತಾಗಿ ಮನೆ ಬೇಕಾಗಿದ್ದ ಸ್ಥಳ ಕೋಲಾರದ ಚಿನ್ನದ ಗಣಿ. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಕೈಹಾಕಿದ ಆ ಗಣಿಗಳು ಬರುಬರುತ್ತ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದುವು. ಚಿನ್ನವಿದ್ದುದು ಬಿಳಿಗಲ್ಲಿನಲ್ಲಿ, ಅದನ್ನು ಕೊರೆದಾಗ ಏಳುವ ಧೂಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶವನ್ನು ಗಟ್ಟಿಗೊಳಿಸುತ್ತಿತ್ತು. ಭಾರತದಲ್ಲಿ ಸಿಲಿಕೋಸಿಸ್ ಇದೆಯೆಂಬ ಮೊದಲ ವೈದ್ಯಕೀಯ ವರದಿಯೆಂದು ಪಠ್ಯಪುಸ್ತಕಗಳು ಹೆಸರಿಸುವುದು ಕೋಲಾರದಿಂದಲೇ 1947ರಲ್ಲಿ ಬಂದುದನ್ನು. ಅಹಮದಾಬಾದಿನ ಬಿ.ಜೆ. ವೈದ್ಯಕೀಯ ಕಾಲೇಜಿನಲ್ಲಿ 1966ರಲ್ಲಿ ವೃತ್ತಿ ಆರೋಗ್ಯದ ಸಂಶೋಧನಾಲಯವೊಂದು ಆರಂಭವಾಗಿ, 1970ರಲ್ಲಿ ರಾಷ್ಟ್ರೀಯ ಸಂಸ್ಥೆಯೆಂಬ ಪದವಿಗೆ ಏರಿತು. ಅದರ ದಕ್ಷಿಣ ಭಾರತದ ಕೇಂದ್ರವು 1977ರಲ್ಲಿ ಬೆಂಗಳೂರಿಗೆ ಬಂದಿತು. ಕೋಲಾರದ ಗಣಿಯಲ್ಲಿ ಆ ಹೊತ್ತಿಗೆ ಒಂದೇ ಮನೆಯ ಅಜ್ಜನೂ ಮಗನೂ ಮೊಮ್ಮಗನೂ ಇಳಿದು ದುಡಿಯುವಷ್ಟು ಕಾಲ ಕಳೆದಿತ್ತು. ಗಣಿ ಮುಚ್ಚಲು ಇನ್ನು ಉಳಿದಿದ್ದುದು ಇಪ್ಪತ್ತನಾಲ್ಕು ವರ್ಷ.